ಒತ್ತಡವಿಲ್ಲದೆ ಕೂರಬೇಕು: ಹಲ್ಲಿನ ಸೆಟ್ಟಿನ ಕೆಳಗಿನ ಟೈಟಾನಿಯಂ ಬಾರ್

ಶಿವಮೊಗ್ಗದಲ್ಲಿ ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಲ್ಲಿನ ಡಾಕ್ಟರನ್ನು ನೀವೆಲ್ಲ ನೋಡಿದ್ದೀರಿ. ಅವರು ಬಾಯಿಗೆ ಕೂರಿಸುವ ಹಲ್ಲಿನ ಸೆಟ್ಟನ್ನು ತಯಾರು ಮಾಡುವವರನ್ನು ಬಹುಶಃ ನೋಡಿಲ್ಲ. ಅವರು ನಾವು, ಡೆಂಟಲ್ ಟೆಕ್ನೀಷಿಯನ್‌ಗಳು. ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ಬಸ್ಸಿನಲ್ಲಿ ರೋಗಿಯ ಬಾಯಿಯ ಅಚ್ಚು ಬರುತ್ತದೆ. ಲ್ಯಾಬಿನಲ್ಲಿ ಕೂತು ಕೆಲಸ ಮಾಡುತ್ತೇವೆ. ಮತ್ತೆ ಬಸ್ಸಿನಲ್ಲೇ ಕಳಿಸುತ್ತೇವೆ. ರೋಗಿಯ ಮುಖ ನಮಗೆ ಕಾಣುವುದು ಅಪರೂಪ.

ಇವತ್ತು ನಾನು ಹೇಳಲು ಬಂದಿರುವುದು ಈ ಕೆಲಸದ ಒಂದು ಸಣ್ಣ ಭಾಗದ ಬಗ್ಗೆ. ಇಂಪ್ಲಾಂಟ್, ಅಂದರೆ ಹಲ್ಲಿನ ಬೇರಿನ ಬದಲು ದವಡೆಯ ಮೂಳೆಯೊಳಗೆ ಕೂರಿಸುವ ಲೋಹದ ಗೂಟ, ಹಾಕಿಸಿಕೊಂಡವರ ಸೆಟ್ಟಿನ ಕೆಳಗೆ, ಒಸಡಿನ ಮೇಲೆ, ಟೈಟಾನಿಯಂ ಬಾರ್ ಒಂದಿರುತ್ತದೆ. ಅದನ್ನು ತುಂಡು ತುಂಡಾಗಿ ಲೇಸರ್‌ನಿಂದ ಬೆಸೆದು ಮಾಡುವ ವಿಧಾನವಿದೆ. ಆ ಬಾರ್ ಎಷ್ಟು ಗಟ್ಟಿ ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಸಲೀಸಾಗಿ ಕೂರುತ್ತದೆ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಎರಡನೇ ಪ್ರಶ್ನೆಯೇ ದೊಡ್ಡದು. ಯಾಕೆ ಅನ್ನುವುದನ್ನು ವಿವರವಾಗಿ ಹೇಳುತ್ತೇನೆ.

ಮೊದಲು ಕೆಳಗಿನ ಸೆಟ್ಟಿನ ಕಷ್ಟ ನೋಡೋಣ. ಮೇಲಿನ ಸೆಟ್ಟು ಅಂಗುಳನ್ನು ಪೂರ್ತಿ ಮುಚ್ಚುತ್ತದೆ. ಅದರ ಅಡಿಯ ಎಂಜಲಿನ ತೆಳು ಪದರವೇ ಅದನ್ನು ಹಿಡಿದುಕೊಳ್ಳುತ್ತದೆ. ಕೆಳಗಿನದಕ್ಕೆ ಆ ಅನುಕೂಲ ಇಲ್ಲ. ನಡುವೆ ನಾಲಿಗೆ ಓಡಾಡುತ್ತಿರುತ್ತದೆ, ಪಕ್ಕದಲ್ಲಿ ಕೆನ್ನೆ ಎಳೆಯುತ್ತದೆ. ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ವರ್ಷ ಕಳೆದಂತೆ ಸವೆಯುತ್ತಲೇ ಹೋಗುತ್ತದೆ. ಹೀಗೆ ಸೆಟ್ಟು ಹಾಕಿದವರನ್ನು ಸುಮಾರು 25 ವರ್ಷ ಗಮನಿಸಿದ ಅಧ್ಯಯನವೊಂದು 1972ರಲ್ಲಿ ಪ್ರಕಟವಾಯಿತು. ಅದನ್ನು ಮಾಡಿದವರು ಆಂಟಿಯೆ ಟಾಲ್‌ಗ್ರೆನ್. ಕೆಳದವಡೆ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಸವೆಯುತ್ತದೆ ಎಂದು ಅವರು ತೋರಿಸಿಕೊಟ್ಟರು. ಸವೆದ ದವಡೆಯ ಮೇಲೆ ಸೆಟ್ಟು ಜಾರುತ್ತದೆ, ಒಸಡು ಉಜ್ಜಿ ಹುಣ್ಣಾಗುತ್ತದೆ. ಕೋಡುಬಳೆ ಬಿಡಿ, ಸ್ವಲ್ಪ ಗಟ್ಟಿಯಾದ ಅಕ್ಕಿ ರೊಟ್ಟಿಯೂ ಕಷ್ಟ. ಮದುವೆ ಮನೆಗೆ ಹೋದ ಹಿರಿಯರು ಪಂಕ್ತಿಯಲ್ಲಿ ಕೂತು ಬರೀ ಅನ್ನ, ತಿಳಿಸಾರು ಉಂಡು ಏಳುತ್ತಾರೆ. ಅದು ವಯಸ್ಸಿನ ಸಹಜ ಗುಣ ಅಂತ ನಾವು ಸುಮ್ಮನಾಗಿಬಿಡುತ್ತೇವೆ. ಅದು ಸರಿಯಲ್ಲ. ಇದಕ್ಕೆ ಪರಿಹಾರ ಇದೆ.

ಆ ಪರಿಹಾರ ಬಂದದ್ದು ಮೂಳೆಯ ಸಂಶೋಧನೆಯಿಂದ. ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕ 1952ರ ಹೊತ್ತಿಗೆ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುತ್ತಿದ್ದರು. ಅದಕ್ಕಾಗಿ ಟೈಟಾನಿಯಂನ ಸಣ್ಣ ಉಪಕರಣವೊಂದನ್ನು ಮೂಳೆಯೊಳಗೆ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಅದನ್ನು ಹಿಡಿದುಬಿಟ್ಟಿತ್ತು. ಇದರ ಹಿಂದೆ ಬಿದ್ದು ಅವರು 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಆ ರೋಗಿ ಯೋಸ್ಟಾ ಲಾರ್ಸನ್. ಅವರು 2006ರಲ್ಲಿ ತೀರಿಕೊಂಡರು. ಅಲ್ಲಿಯವರೆಗೂ, ಅಂದರೆ 40 ವರ್ಷ ದಾಟಿದ ಮೇಲೂ, ಆ ಇಂಪ್ಲಾಂಟ್‌ಗಳು ಕೆಲಸ ಮಾಡುತ್ತಿದ್ದವು. 1982ರಲ್ಲಿ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ನಂತರ ಜಗತ್ತಿನ ದಂತವೈದ್ಯರು ಇದನ್ನು ಗಂಭೀರವಾಗಿ ತೆಗೆದುಕೊಂಡರು.

ಇಪ್ಪತ್ತು ವರ್ಷ ಬಿಟ್ಟು, 2002ರಲ್ಲಿ, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಲ್ಲೇ ಇಲ್ಲದ ಕೆಳದವಡೆಗೆ ಸಾದಾ ಸೆಟ್ಟನ್ನು ಮೊದಲ ಆಯ್ಕೆ ಅಂತ ಇಟ್ಟುಕೊಳ್ಳಬಾರದು, ಕನಿಷ್ಠ ಎರಡು ಇಂಪ್ಲಾಂಟ್ ಮೇಲೆ ನಿಲ್ಲುವ ಸೆಟ್ಟು ಮೊದಲ ಆಯ್ಕೆಯಾಗಬೇಕು ಅಂದರು. ದುಡ್ಡಿನ ವಿಷಯ ಬೇರೆ ಮಾತು. ಆದರೆ ಇಂಥದ್ದೊಂದು ಇದೆ ಅನ್ನುವುದು ನಮ್ಮ ಹೊಸನಗರ, ಸೊರಬದ ಹಿರಿಯರಿಗೂ ಗೊತ್ತಿರಬೇಕು ಅಲ್ವಾ?

ಇಂಪ್ಲಾಂಟ್‌ಗೆ ಸೆಟ್ಟನ್ನು ಜೋಡಿಸುವ ದಾರಿಗಳು ಹಲವು. ಒಂದೊಂದು ಇಂಪ್ಲಾಂಟಿನ ತಲೆಯ ಮೇಲೂ ಒಂದೊಂದು ಗುಂಡಿ ಇಟ್ಟು, ಅಂಗಿಯ ಪ್ರೆಸ್ ಬಟನ್ ಹಾಗೆ ಒತ್ತಿ ಕೂರಿಸುವುದು ಒಂದು. ಎಲ್ಲ ಇಂಪ್ಲಾಂಟ್‌ಗಳನ್ನೂ ಒಂದು ಬಾರ್‌ನಿಂದ ಸೇರಿಸಿ, ಸೆಟ್ಟಿನ ಒಳಗೆ ಕ್ಲಿಪ್ ಇಟ್ಟು, ಆ ಬಾರನ್ನು ಕ್ಲಿಪ್ ಕಚ್ಚಿಕೊಳ್ಳುವಂತೆ ಮಾಡುವುದು ಇನ್ನೊಂದು. ಬಾರ್ ಇದ್ದರೆ ಕಚ್ಚುವ ಬಲ ಎಲ್ಲ ಇಂಪ್ಲಾಂಟ್‌ಗೂ ಹಂಚಿಹೋಗುತ್ತದೆ. ಇಂಪ್ಲಾಂಟ್‌ಗಳು ಒಂದಕ್ಕೊಂದು ಸ್ವಲ್ಪ ಓರೆಯಾಗಿ ನಿಂತಿದ್ದರೂ ಸರಿಹೊಂದಿಸಬಹುದು. ಈ ಬಾರ್‌ಗಳಲ್ಲಿ ಹೆಸರಾದ ಹೇಡರ್ ಬಾರನ್ನು ರೂಪಿಸಿದ ಹೆಲ್ಮುಟ್ ಹೇಡರ್ ಸ್ವಿಟ್ಜರ್ಲೆಂಡಿನ ಡೆಂಟಲ್ ಟೆಕ್ನೀಷಿಯನ್. ನಮ್ಮ ಕಸುಬಿನವರೊಬ್ಬರ ಹೆಸರು ಜಗತ್ತಿನ ಎಲ್ಲ ಕ್ಲಿನಿಕ್ಕುಗಳಲ್ಲಿ ಬಳಕೆಯಲ್ಲಿದೆ ಅನ್ನುವುದು ನನಗೆ ತುಂಬಾ ಹೆಮ್ಮೆ.

ಈಗ ಲೋಹದ ವಿಷಯಕ್ಕೆ ಬರೋಣ. ಲೋಹದ ಮಾತು ಈ ಜಿಲ್ಲೆಯವರಿಗೆ ಹೊಸದಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲೇ ಕಬ್ಬಿಣ ತಯಾರಾಯಿತು, ಅದೂ ಮಲೆನಾಡಿನ ಕಾಡಿನ ಇದ್ದಿಲಿನಿಂದ. ಅದಿರಿನ ಜೊತೆ ಇದ್ದಿಲು ಹಾಕಿ ಉರಿಸಿದರೆ ಇದ್ದಿಲಿನ ಇಂಗಾಲ ಅದಿರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಕಬ್ಬಿಣ ಉಳಿಯುತ್ತದೆ. ಟೈಟಾನಿಯಂಗೆ ಈ ಉಪಾಯ ನಡೆಯುವುದಿಲ್ಲ. ಅದು ಆಮ್ಲಜನಕವನ್ನು ಬಿಟ್ಟು ಇಂಗಾಲವನ್ನೇ ಹಿಡಿದುಕೊಂಡು ಟೈಟಾನಿಯಂ ಕಾರ್ಬೈಡ್ ಆಗಿಬಿಡುತ್ತದೆ. ಹಾಗಾಗಿ ಅದಿರನ್ನು ಮೊದಲು ಕ್ಲೋರೈಡ್ ಮಾಡಿ, ಆಮೇಲೆ ಮೆಗ್ನೀಸಿಯಂ ಜೊತೆ ಕಾಯಿಸಿ ಲೋಹ ತೆಗೆಯಬೇಕು. ಈ ವಿಧಾನವನ್ನು ಬಳಕೆಗೆ ತಂದವರು ವಿಲಿಯಂ ಕ್ರೋಲ್, 1940ರ ಸುಮಾರಿಗೆ. ಟೈಟಾನಿಯಂ ಅದಿರು ನಮಗೆ ದೂರದ್ದೇನಲ್ಲ. ಕೇರಳದ ಚವರದ ಕಡಲತೀರದ ಕಪ್ಪು ಮರಳಿನಲ್ಲಿ ಧಾರಾಳವಾಗಿದೆ, ಲೋಹ ತೆಗೆಯುವ ಘಟಕವೂ ಅಲ್ಲಿದೆ.

ಕಾದಾಗ ಸಿಕ್ಕಿದ್ದನ್ನೆಲ್ಲ ಹಿಡಿದುಕೊಳ್ಳುವ ಈ ಗುಣವೇ ನಮ್ಮ ಲ್ಯಾಬಿನ ಕೆಲಸವನ್ನೂ ತೀರ್ಮಾನಿಸುತ್ತದೆ. ಮೊದಲೆಲ್ಲ ಬಾರ್ ಮಾಡುತ್ತಿದ್ದದ್ದು ಚಿನ್ನದ ಮಿಶ್ರಲೋಹದಲ್ಲಿ. ಮೇಣದಲ್ಲಿ ಆಕಾರ ಮಾಡಿ, ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ, ಕಾದ ಲೋಹ ಹುಯ್ಯುತ್ತಿದ್ದರು. ಒಡವೆ ಎರಕದ ಕೆಲಸ ಬಲ್ಲವರಿಗೆ ಇದು ಗೊತ್ತು. ಚಿನ್ನ ಸುಲಭವಾಗಿ ಹರಿಯುತ್ತದೆ, ಟಾರ್ಚ್ ಹಿಡಿದು ಬೆಸೆಯಲೂಬಹುದು. ಟೈಟಾನಿಯಂ ಕರಗುವುದು 1668 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಕಾಯಿಸಿದಾಗ ಅಚ್ಚಿನ ಮಣ್ಣಿನ ಜೊತೆಗೂ ಗಾಳಿಯ ಜೊತೆಗೂ ಸೇರಿಕೊಂಡು ಮೇಲ್ಮೈ ಗಡುಸಾಗಿ, ಪೆಡಸಾಗಿ, ಒಡೆಯುವಂತಾಗುತ್ತದೆ. ಬಯಲು ಗಾಳಿಯಲ್ಲಿ ಟಾರ್ಚ್ ಹಿಡಿದು ಬೆಸೆಯುವ ಮಾತೇ ಇಲ್ಲ.

ಹಾಗಾದರೆ ಟೈಟಾನಿಯಂ ಯಾಕೆ ಬೇಕು? ತೂಕ ಕಡಿಮೆ. ಒಂದು ಘನ ಸೆಂಟಿಮೀಟರ್ ಟೈಟಾನಿಯಂ ನಾಲ್ಕೂವರೆ ಗ್ರಾಂ ತೂಗುತ್ತದೆ, ಅಷ್ಟೇ ಚಿನ್ನ 19 ಗ್ರಾಂ ದಾಟುತ್ತದೆ. ಬೆಲೆ ಚಿನ್ನದ ಹತ್ತಿರಕ್ಕೂ ಬರುವುದಿಲ್ಲ. ಒಳಗಿರುವ ಇಂಪ್ಲಾಂಟ್ ಕೂಡ ಟೈಟಾನಿಯಂ ಆದ್ದರಿಂದ ಬಾಯಿಯಲ್ಲಿ ಎರಡು ಲೋಹ ಸೇರಿ ಆಗುವ ತೊಂದರೆಯ ಭಯವೂ ಇಲ್ಲ. ಜೊತೆಗೆ ಶಾಖ ಇದರಲ್ಲಿ ಬೇಗ ಹರಿಯುವುದಿಲ್ಲ. ಚಿನ್ನದ ಒಂದು ತುದಿ ಕಾಯಿಸಿದರೆ ಇನ್ನೊಂದು ತುದಿ ಕ್ಷಣದಲ್ಲಿ ಸುಡುತ್ತದೆ. ಟೈಟಾನಿಯಂನಲ್ಲಿ ಶಾಖ ಬಿದ್ದ ಜಾಗದಲ್ಲೇ ನಿಲ್ಲುತ್ತದೆ. ಲೇಸರ್ ಬೆಳಕನ್ನು ಇದು ಚಿನ್ನಕ್ಕಿಂತ ಚೆನ್ನಾಗಿ ಹೀರಿಕೊಳ್ಳುತ್ತದೆ ಕೂಡ. ಆದ್ದರಿಂದಲೇ ಟಾರ್ಚ್‌ಗೆ ಬಗ್ಗದ ಈ ಲೋಹ ಲೇಸರ್‌ಗೆ ಒಲಿಯುತ್ತದೆ.

ಇನ್ನು ನಾನು ಮೊದಲು ಹೇಳಿದ ಆ ಎರಡನೇ ಪ್ರಶ್ನೆ. ಸಲೀಸಾಗಿ ಕೂರುವುದು ಅಂದರೆ ಏನು?

ಸ್ವಂತ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ತೆಳುವಾದ ನಾರಿನ ಪದರ ಇದೆ. ಒತ್ತಿದರೆ ಹಲ್ಲು ಸುಮಾರು 100 ಮೈಕ್ರಾನ್‌ವರೆಗೂ ಅಲುಗಾಡುತ್ತದೆ. ಒಂದು ಮಿಲಿಮೀಟರ್‌ನಲ್ಲಿ ಸಾವಿರ ಮೈಕ್ರಾನ್. ಇಂಪ್ಲಾಂಟ್‌ಗೆ ಆ ನಾರು ಇಲ್ಲ, ಮೂಳೆಯೇ ಲೋಹವನ್ನು ಹಿಡಿದಿರುತ್ತದೆ. ಅದು ಕೆಲವೇ ಮೈಕ್ರಾನ್ ಮಿಸುಕುತ್ತದೆ. ಗದ್ದೆಯ ಕೆಸರಿನಲ್ಲಿ ನೆಟ್ಟ ನಾಲ್ಕು ಗೂಟಕ್ಕೆ ಮೇಲೊಂದು ಹಲಗೆ ಬಡಿಯುವಾಗ ಅಳತೆ ಸ್ವಲ್ಪ ತಪ್ಪಿದರೂ ಗೂಟಗಳೇ ಸರಿದು ಹೊಂದಿಕೊಳ್ಳುತ್ತವೆ. ಕಾಂಕ್ರೀಟಿನಲ್ಲಿ ನಿಂತ ಕಂಬಗಳು ಹಾಗೆ ಸರಿಯುತ್ತವೆಯೇ? ಅಳತೆ ತಪ್ಪಿದ ಬಾರನ್ನು ಸ್ಕ್ರೂ ಹಾಕಿ ಬಿಗಿದರೆ ಅದೂ ಕೂರುತ್ತದೆ. ಸ್ಕ್ರೂವಿನ ಬಲ ಅಷ್ಟಿದೆ. ನೋಡಲು ಎಲ್ಲ ಸರಿ ಕಾಣುತ್ತದೆ. ಆದರೆ ಬಾರ್ ಒಳಗೊಳಗೇ ಬಾಗಿ ನಿಂತಿರುತ್ತದೆ. ಆ ಒತ್ತಡ ಹಗಲು ರಾತ್ರಿ ಸ್ಕ್ರೂಗಳನ್ನೂ ಇಂಪ್ಲಾಂಟ್‌ಗಳನ್ನೂ ಎಳೆಯುತ್ತಿರುತ್ತದೆ. ಊಟ ಮಾಡುವಾಗಿನ ಬಲ ಅದರ ಮೇಲೆ ಸೇರುತ್ತದೆ. ಸ್ಕ್ರೂ ಸಡಿಲವಾಗುತ್ತದೆ. ಮತ್ತೆ ಬಿಗಿದರೆ ಮತ್ತೆ ಸಡಿಲವಾಗುತ್ತದೆ. ಒಂದು ದಿನ ಮುರಿಯುತ್ತದೆ. ಬಾರಿನ ಮತ್ತು ಇಂಪ್ಲಾಂಟಿನ ನಡುವಿನ ಸಂದಿನಲ್ಲಿ ಕೊಳೆ ಕೂರುವುದು ಬೇರೆ. ಇದನ್ನೆಲ್ಲ ಅನುಭವಿಸುವವರು ಬಾಯಿಯ ಯಜಮಾನರು. ಬಾರ್ ಮಾಡಿದವರು ದೂರದ ಲ್ಯಾಬಿನಲ್ಲಿ ಇರುತ್ತಾರೆ. ಆದ್ದರಿಂದ ನಮ್ಮ ಹೊಣೆ ಜಾಸ್ತಿ ಅಂತ ನಾನು ನಂಬಿದ್ದೇನೆ.

ಎರಕದ ಬಾರ್‌ನಲ್ಲಿ ಈ ತೊಂದರೆ ಹುಟ್ಟುವುದು ಸುಲಭ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ದವಡೆಯ ಉದ್ದಕ್ಕೂ ಬಾಗಿ ಹೋಗುವ ಬಾರ್ ಒಂದೇ ತುಂಡಾಗಿ ಕುಗ್ಗಿದರೆ ಎರಡು ತುದಿಗಳೂ ಜಾಗ ಬಿಟ್ಟು ಸರಿಯುತ್ತವೆ. ತುಂಡುಗಳಿಂದ ಬೆಸೆಯುವ ವಿಧಾನದಲ್ಲಿ ಹಾಗಿಲ್ಲ. ಇಂಪ್ಲಾಂಟ್ ಮೇಲೆ ಕೂರುವ ಸಿಲಿಂಡರ್‌ಗಳು ಕಾರ್ಖಾನೆಯಲ್ಲಿ ಕಡೆದು ಬಂದಿರುತ್ತವೆ. ಬಾರಿನ ಸರಳು ಕೂಡ ತಯಾರಾಗಿಯೇ ಸಿಗುತ್ತದೆ. ಅವುಗಳನ್ನು ನಾವು ಕರಗಿಸುವುದಿಲ್ಲ. ಕೀಲುಗಳಲ್ಲಿ ಮಾತ್ರ, ಅಷ್ಟಷ್ಟೇ ಜಾಗ ಕರಗುತ್ತದೆ.

ಕೆಲಸ ಶುರುವಾಗುವುದು ಅಚ್ಚಿನಿಂದ. ನನ್ನ ಕೈಗೆ ಬರುವ ಮೊದಲೇ ಅರ್ಧ ಹಣೆಬರಹ ಅಲ್ಲಿ ಬರೆದಿರುತ್ತದೆ. ಡಾಕ್ಟರು ಇಂಪ್ಲಾಂಟ್‌ಗಳಿಗೆ ಕೋಪಿಂಗ್‌ಗಳನ್ನು, ಅಂದರೆ ಇಂಪ್ಲಾಂಟ್ ಇರುವ ಜಾಗವನ್ನು ಅಚ್ಚಿನಲ್ಲಿ ಗುರುತಿಸುವ ತುಂಡುಗಳನ್ನು, ಸ್ಕ್ರೂ ಮಾಡಿ, ಅವುಗಳನ್ನು ಅಕ್ರಿಲಿಕ್ ರೆಸಿನ್ ಅನ್ನುವ ಪ್ಲಾಸ್ಟಿಕ್‌ನಿಂದ ಒಂದಕ್ಕೊಂದು ಕಟ್ಟಿ, ಆಮೇಲೆ ಅಚ್ಚು ತೆಗೆದರೆ ಒಳ್ಳೆಯದು. ರೆಸಿನ್ ಗಟ್ಟಿಯಾಗುವಾಗ ಅದೂ ಕುಗ್ಗುತ್ತದೆ. ಅದಕ್ಕೆ ನಡುವೆ ಸಣ್ಣದಾಗಿ ಕತ್ತರಿಸಿ, ಆ ಸಂದನ್ನು ಮತ್ತೆ ಒಂದು ಹನಿ ರೆಸಿನ್‌ನಿಂದ ಸೇರಿಸುತ್ತಾರೆ. ಆಗ ಕುಗ್ಗುವುದು ಆ ಒಂದು ಹನಿ ಮಾತ್ರ. ಇನ್ನೊಂದು ಮಾತು, ನಮ್ಮ ಮಳೆಗಾಲಕ್ಕೆ ಸಂಬಂಧಿಸಿದ್ದು. ಪಾಲಿಈಥರ್ ಅನ್ನುವ ಅಚ್ಚಿನ ವಸ್ತು ತೇವ ಹೀರಿ ಉಬ್ಬುತ್ತದೆ. ಆಗುಂಬೆಯ ಕಡೆಯ ಆಷಾಢದ ಮಳೆಯಲ್ಲಿ ಒದ್ದೆ ಹತ್ತಿಯಲ್ಲಿ ಸುತ್ತಿ ಕಳಿಸಿದರೆ ಅಳತೆ ದಾರಿಯಲ್ಲೇ ಕೆಡುತ್ತದೆ. ಒಣಗಿಸಿ, ಒಣ ಡಬ್ಬಿಯಲ್ಲಿ ಕಳಿಸಬೇಕು. ಡೆಂಟಲ್ ಸ್ಟೋನ್ ಅನ್ನುವ ಜಿಪ್ಸಂ ಪುಡಿಯೂ ಹಾಗೆಯೇ. ಚೀಲ ಬಾಯಿ ತೆರೆದು ಇಟ್ಟರೆ ಮಲೆನಾಡಿನ ತೇವಕ್ಕೆ ಅದರ ಗುಣವೇ ಬದಲಾಗುತ್ತದೆ.

ಅಚ್ಚಿನಲ್ಲಿ ಇಂಪ್ಲಾಂಟ್‌ನ ನಕಲುಗಳನ್ನು ಕೂರಿಸಿ ಸ್ಟೋನ್ ಹುಯ್ದು ಮಾದರಿ ಮಾಡುತ್ತೇವೆ. ನೀರನ್ನು ಅಂದಾಜಿಗೆ ಹಾಕುವಂತಿಲ್ಲ, ತೂಕ ಮಾಡಿ ಹಾಕಬೇಕು. ಒಸಡಿನ ಜಾಗಕ್ಕೆ ಮೆತ್ತಗಿನ ಸಿಲಿಕೋನ್ ಇಡುತ್ತೇವೆ. ಮಾದರಿ ಸರಿಯಿದೆಯೇ ಅಂತ ನೋಡಲು ಎಲ್ಲ ಇಂಪ್ಲಾಂಟ್‌ಗಳ ಮೇಲೂ ಕೂರುವ ರೆಸಿನ್ ಚೌಕಟ್ಟೊಂದನ್ನು (ಜಿಗ್) ಮಾಡಿ ಕ್ಲಿನಿಕ್ಕಿಗೆ ಕಳಿಸುತ್ತೇವೆ. ಅದು ಬಾಯಿಯಲ್ಲಿ ಎಳೆಯದೆ ಕೂತರೆ ಮುಂದೆ. ಕೂರದಿದ್ದರೆ ಮತ್ತೆ ಅಚ್ಚು. ಈ ಒಂದು ಹೆಜ್ಜೆಯನ್ನು ಸಮಯ ಉಳಿಸಲು ಬಿಟ್ಟುಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ತಪ್ಪು ಮಾದರಿಯ ಮೇಲೆ ಎಷ್ಟು ಚೆನ್ನಾಗಿ ಬೆಸೆದರೂ ಬರುವುದು ತಪ್ಪು ಬಾರ್.

ಆಮೇಲೆ ಬಾರ್ ಅಲ್ಲ, ಹಲ್ಲು. ಮೊದಲು ಮೇಣದಲ್ಲಿ ಹಲ್ಲು ಜೋಡಿಸಿ ಬಾಯಿಯಲ್ಲಿ ಇಟ್ಟು ನೋಡಬೇಕು. ತುಟಿ ಹೇಗೆ ಕಾಣುತ್ತದೆ, ಮಾತು ಹೇಗೆ ಬರುತ್ತದೆ, ಕಚ್ಚು ಸರಿಯಿದೆಯಾ ಅಂತ. ಅದು ಒಪ್ಪಿಗೆಯಾದ ಮೇಲೆ ಹಲ್ಲಿನ ಹೊರಗಿನ ಆಕಾರಕ್ಕೆ ಸಿಲಿಕೋನ್ ಪುಟ್ಟಿಯ ಗೋಡೆ ಮಾಡಿಕೊಳ್ಳುತ್ತೇವೆ. ಮೇಣ ತೆಗೆದರೂ ಹಲ್ಲು ಎಲ್ಲಿ ಬರುತ್ತದೆ ಅಂತ ಆ ಗೋಡೆ ತೋರಿಸುತ್ತದೆ. ಆ ಗೋಡೆಯ ಒಳಗೆ, ಒಸಡಿನ ಮೇಲೆ ಉಳಿಯುವ ಜಾಗವೇ ಬಾರಿನ ಜಾಗ. ಬಾರ್, ಕ್ಲಿಪ್, ಅದರ ಮೇಲೆ ಅಕ್ರಿಲಿಕ್, ಅದರ ಮೇಲೆ ಹಲ್ಲು, ಇಷ್ಟಕ್ಕೂ ಇಂಪ್ಲಾಂಟ್ ತಲೆಯಿಂದ ಹಲ್ಲಿನ ತುದಿಯವರೆಗೆ 12 ಮಿಲಿಮೀಟರ್‌ಗೆ ಕಡಿಮೆ ಇಲ್ಲದಷ್ಟು ಎತ್ತರ ಬೇಕು. ಜಾಗ ಇಲ್ಲದ ಬಾಯಿಗೆ ಬಾರ್ ಹಾಕಿದರೆ ಸೆಟ್ಟು ತೆಳುವಾಗಿ ಬಿರಿಯುತ್ತದೆ. ಅಂಥ ಕಡೆ ಗುಂಡಿಯ ವಿಧಾನವೇ ಒಳ್ಳೆಯದು ಅಂತ ಟೆಕ್ನೀಷಿಯನ್ ಹೇಳಬೇಕು, ಡಾಕ್ಟರು ಕೇಳಬೇಕು.

ಬಾರಿನ ಅಡಿಗೆ, ಒಸಡಿನಿಂದ ಮೇಲೆ, ಒಂದೂವರೆ ಎರಡು ಮಿಲಿಮೀಟರ್ ಜಾಗ ಬಿಡಬೇಕು. ಬ್ರಷ್ ಹೋಗಬೇಕಲ್ಲ. ಕೊನೆಯ ಇಂಪ್ಲಾಂಟ್‌ನಿಂದ ಹಿಂದಕ್ಕೆ ಬಾರನ್ನು ಚಾಚುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೊಂದು ಮಿತಿ ಇದೆ. ಮುಂದಿನ ಇಂಪ್ಲಾಂಟ್‌ಗೂ ಹಿಂದಿನ ಇಂಪ್ಲಾಂಟ್‌ಗಳನ್ನು ಸೇರಿಸುವ ಗೆರೆಗೂ ಎಷ್ಟು ಅಂತರವಿದೆಯೋ ಅದರ ಒಂದೂವರೆ ಪಟ್ಟು ದಾಟಬಾರದು ಅನ್ನುವುದು ಬಹಳ ಜನ ಪಾಲಿಸುವ ಲೆಕ್ಕ. ಬೆಸೆದ ಬಾರಿಗೆ ನಾನಾದರೆ ಅದಕ್ಕೂ ಕಡಿಮೆ ಇಡುತ್ತೇನೆ. ಚಾಚಿದ ತುಂಡಿನ ಬುಡದಲ್ಲಿರುವ ಬೆಸುಗೆಯೇ ಎಲ್ಲಕ್ಕಿಂತ ಜಾಸ್ತಿ ಭಾರ ಹೊರುವುದು.

ಈಗ ಕತ್ತರಿಸುವ ಕೆಲಸ. ನಾಲ್ಕು ಇಂಪ್ಲಾಂಟ್ ಇದ್ದರೆ ನಡುವೆ ಮೂರು ತುಂಡು ಸರಳು. ಪ್ರತಿ ತುಂಡಿನ ಎರಡೂ ತುದಿ ಸಿಲಿಂಡರಿನ ಮೈಗೆ ತಾಗಿ ಕೂರಬೇಕು. ಬೆಳಕು ಕೂಡ ತೂರದಷ್ಟು ಹತ್ತಿರ ಬಂದರೆ ಉತ್ತಮ. ಈ ತಾಗುವಿಕೆಗೆ ನಾನು ಬೆಸೆಯುವುದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ. ಸಂದು ದೊಡ್ಡದಿದ್ದರೆ ತುಂಬಲು ಹೆಚ್ಚು ಲೋಹ ಕರಗಬೇಕು. ಹೆಚ್ಚು ಕರಗಿದರೆ ಹೆಚ್ಚು ಕುಗ್ಗುತ್ತದೆ. ಹೆಚ್ಚು ಕುಗ್ಗಿದರೆ ಬಾರ್ ಎಳೆಯುತ್ತದೆ. ದಪ್ಪ ಸರಳಿಗೆ ತುದಿಯನ್ನು ಎರಡೂ ಕಡೆಯಿಂದ ಓರೆಯಾಗಿ ಉಜ್ಜಿ, ನಡುವಿನ ತಿರುಳು ಮಾತ್ರ ತಾಗುವಂತೆ ಮಾಡಿಕೊಳ್ಳುತ್ತೇವೆ. ಲೇಸರ್ ಒಂದು ಮಿತಿಯ ಆಳಕ್ಕೆ ಮಾತ್ರ ಇಳಿಯುತ್ತದೆ. ಹೊರಗಿನ ಸಿಪ್ಪೆ ಮಾತ್ರ ಬೆಸೆದು ತಿರುಳು ಹಾಗೇ ಬಿಟ್ಟ ಕೀಲು ಒಂದಲ್ಲ ಒಂದು ದಿನ ಬಿಟ್ಟುಕೊಳ್ಳುತ್ತದೆ.

ಲೇಸರ್ ಯಂತ್ರ ನೋಡಲು ಒಂದು ಪೆಟ್ಟಿಗೆ. ಎರಡು ಕೈ ಒಳಗೆ ಹಾಕಲು ಎರಡು ರಂಧ್ರ, ಮೇಲೆ ಮೈಕ್ರೋಸ್ಕೋಪ್, ಕಾಲಡಿಗೆ ಪೆಡಲ್. ಬಹುತೇಕ ಲ್ಯಾಬುಗಳಲ್ಲಿ ಇರುವುದು ಎನ್‌ಡಿ ಯಾಗ್ ಲೇಸರ್. ಅದರ ಬೆಳಕಿನ ತರಂಗ 1064 ನ್ಯಾನೋಮೀಟರ್, ಕಣ್ಣಿಗೆ ಕಾಣುವುದಿಲ್ಲ. ಕಾಣದ ಬೆಳಕು ಕಣ್ಣನ್ನು ಸುಡಬಲ್ಲದು. ಅದಕ್ಕೇ ಪೆಟ್ಟಿಗೆ, ಅದಕ್ಕೇ ಫಿಲ್ಟರ್ ಗಾಜು. ಮೈಕ್ರೋಸ್ಕೋಪಿನ ಅಡ್ಡಗೆರೆಗೆ ಕೀಲನ್ನು ತಂದು ಪೆಡಲ್ ಒತ್ತಿದರೆ ಕೆಲವೇ ಮಿಲಿಸೆಕೆಂಡಿನ ಒಂದು ಮಿಂಚು. ಒಂದು ಮಿಲಿಮೀಟರಿಗಿಂತ ಸಣ್ಣ ಚುಕ್ಕೆ ಕರಗಿ, ಆರಿ, ಗಟ್ಟಿಯಾಗುತ್ತದೆ. ಬಾರನ್ನು ಬೆರಳಲ್ಲೇ ಹಿಡಿದುಕೊಂಡಿರಬಹುದು, ಸುಡುವುದಿಲ್ಲ. ಮಾದರಿಯ ಸ್ಟೋನ್ ಕೂಡ ಕೆಡುವುದಿಲ್ಲ. ಹಾಗಾಗಿ ಸಿಲಿಂಡರ್‌ಗಳನ್ನು ಮಾದರಿಗೆ ಸ್ಕ್ರೂ ಮಾಡಿಟ್ಟೇ ಬೆಸೆಯಬಹುದು. ಟಾರ್ಚ್ ಬೆಸುಗೆಗೆ ಕಾಯಿಸಿದರೂ ತಡೆಯುವ ಬೇರೆ ಮಾದರಿಯನ್ನೇ ಕಟ್ಟಬೇಕಿತ್ತು. ಅಳತೆ ತಪ್ಪಲು ಅದೊಂದು ಹೆಚ್ಚಿನ ದಾರಿಯಾಗುತ್ತಿತ್ತು.

ಬೆಸೆಯುವ ಜಾಗದ ಮೇಲೆ ಆರ್ಗಾನ್ ಅನಿಲ ಹರಿಯುತ್ತಿರಬೇಕು. ಗಾಳಿಯ ಆಮ್ಲಜನಕ, ಸಾರಜನಕ ಕರಗಿದ ಟೈಟಾನಿಯಂಗೆ ಸೇರದಂತೆ ಅದು ಮುಚ್ಚಿಡುತ್ತದೆ. ಕಡಿಮೆ ಬಿಟ್ಟರೆ ಸಾಲದು. ಜೋರಾಗಿ ಬಿಟ್ಟರೆ ಸುಳಿ ಎದ್ದು ಸುತ್ತಲಿನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮೆಲ್ಲಗೆ, ಹತ್ತಿರದಿಂದ, ಎಡೆಬಿಡದೆ ಹರಿಯಬೇಕು. ತುಂಬಲು ಬಳಸುವ ತಂತಿ ಟೈಟಾನಿಯಂದೇ ಆಗಿರಬೇಕು, ಒಣಗಿರಬೇಕು, ಬೆರಳಿನ ಎಣ್ಣೆ ತಾಗಿರಬಾರದು. ಕ್ರೋಮ್ ಕೋಬಾಲ್ಟ್ ಅನ್ನುವ ಮಿಶ್ರಲೋಹದ ತುಂಡನ್ನು ಟೈಟಾನಿಯಂಗೆ ಬೆಸೆಯಿರಿ ಅಂತ ಯಾರಾದರೂ ಕೇಳಿದರೆ ಆಗುವುದಿಲ್ಲ ಅನ್ನಿ. ಎರಡು ಲೋಹ ಸೇರಿ ಗಾಜಿನ ಹಾಗೆ ಒಡೆಯುವ ಪದರ ಹುಟ್ಟುತ್ತದೆ.

ಬೆಸುಗೆ ಚೆನ್ನಾಗಿದೆಯೋ ಇಲ್ಲವೋ ಅಂತ ಬಣ್ಣವೇ ಹೇಳುತ್ತದೆ. ಬೆಳ್ಳಿಯ ಹೊಳಪಿದ್ದರೆ ಒಳ್ಳೆಯದು. ಒಣಹುಲ್ಲಿನ ತಿಳಿ ಹಳದಿ ಬಂದರೆ ಸ್ವಲ್ಪ ಗಾಳಿ ತಾಗಿದೆ, ಎಚ್ಚರ. ನೀಲಿ ಬಂದರೆ ಆರ್ಗಾನ್ ಸರಿ ತಲುಪಿಲ್ಲ. ಬೂದು ಅಥವಾ ಬಿಳಿ ಪುಡಿ ಕಂಡರೆ ಆ ಜಾಗ ಪೆಡಸಾಗಿದೆ, ಉಜ್ಜಿ ತೆಗೆದು ಮತ್ತೆ ಮಾಡಬೇಕು. ಪಾಲಿಶ್ ಮಾಡಿದರೆ ನೀಲಿಯೂ ಹೋಗುತ್ತದೆ, ಬೂದು ಬಣ್ಣವೂ ಹೋಗುತ್ತದೆ, ಒಳಗಿನ ದೋಷ ಮಾತ್ರ ಉಳಿಯುತ್ತದೆ. ಹೊಳೆಯುವ ಬಾರನ್ನು ನೋಡಿ ಯಾರಿಗೂ ಅದು ಗೊತ್ತಾಗುವುದಿಲ್ಲ. ಆದ್ದರಿಂದ ಪಾಲಿಶ್‌ಗೆ ಮೊದಲು ಪ್ರತಿ ಬೆಸುಗೆಯ ಫೋಟೋ ತೆಗೆದು ಡಾಕ್ಟರಿಗೆ ಕಳಿಸುವ ಪದ್ಧತಿ ಇಟ್ಟುಕೊಳ್ಳಿ ಅಂತ ನಾನು ಕಲಿಯುವ ಹುಡುಗರಿಗೆ ಹೇಳುತ್ತೇನೆ. ಟೈಟಾನಿಯಂ ಹಗುರವಾದ ಲೋಹ ಆದ್ದರಿಂದ ಹಲ್ಲಿನ ಎಕ್ಸ್‌ರೇ ಅದರ ಮೂಲಕ ಹಾಯುತ್ತದೆ. ಒಳಗೆ ಗುಳ್ಳೆ ಇದ್ದರೆ ಅದರಲ್ಲೂ ಕಾಣುತ್ತದೆ.

ಪ್ರತಿ ಚುಕ್ಕೆಯೂ ಆರುವಾಗ ತನ್ನ ಕಡೆಗೆ ಬಾರನ್ನು ಒಂಚೂರು ಎಳೆಯುತ್ತದೆ. ಒಂದೇ ಕಡೆ ಸಾಲಾಗಿ ಹಾಕುತ್ತಾ ಹೋದರೆ ಬಾರ್ ಆ ಕಡೆಗೆ ಬಾಗುತ್ತದೆ. ಅದಕ್ಕೆ ಮುಂದೊಂದು, ಹಿಂದೊಂದು, ಮೇಲೊಂದು, ಕೆಳಗೊಂದು ಹಾಕಿ ಮೊದಲು ನಾಲ್ಕೂ ಕಡೆ ಹಿಡಿಸಿಕೊಳ್ಳಬೇಕು. ಆಮೇಲೆ ಒಂದರ ಮೇಲೊಂದು ಹಾಯುವಂತೆ ಚುಕ್ಕೆಗಳನ್ನು ಹಾಕುತ್ತಾ, ಎದುರುಬದುರು ಬದಿಗಳಿಗೆ ಹೋಗುತ್ತಾ ಬರಬೇಕು. ಇದು ನಿಧಾನದ ಕೆಲಸ. ಅವಸರ ಮಾಡಿದವರ ಬಾರ್ ಮಾದರಿಯ ಮೇಲೆ ಗೊತ್ತಾಗಿಬಿಡುತ್ತದೆ.

ಹೇಗೆ ಗೊತ್ತಾಗುತ್ತದೆ ಅಂದರೆ, ಇದಕ್ಕೊಂದು ಸರಳ ಪರೀಕ್ಷೆ ಇದೆ. ಶೆಫೀಲ್ಡ್ ಟೆಸ್ಟ್ ಅನ್ನುತ್ತಾರೆ. ಬಾರನ್ನು ಕೂರಿಸಿ ಒಂದು ತುದಿಯ ಸ್ಕ್ರೂ ಮಾತ್ರ ಬಿಗಿಯಬೇಕು. ಉಳಿದವು ಖಾಲಿ. ಈಗ ಇನ್ನೊಂದು ತುದಿ ನೋಡಬೇಕು. ಅಲ್ಲಿ ಬಾರ್ ಎದ್ದಿದ್ದರೆ, ಕೂದಲೆಳೆಯ ಸಂದು ಕಂಡರೂ, ಅದು ಎಳೆಯುತ್ತಿದೆ ಅಂತ ಅರ್ಥ. ಎಲ್ಲ ಸ್ಕ್ರೂಗಳನ್ನೂ ಬಿಗಿದು ನೋಡಿದರೆ ಸಂದು ಮುಚ್ಚಿಹೋಗುತ್ತದೆ, ಏನೂ ತಿಳಿಯುವುದಿಲ್ಲ. ಒಂದೇ ಸ್ಕ್ರೂ, ಇದು ನೆನಪಿರಲಿ. ಮಾದರಿಯ ಮೇಲೆ ನಾವು ಮಾಡುತ್ತೇವೆ, ಬಾಯಿಯಲ್ಲಿ ಡಾಕ್ಟರು ಮಾಡಬೇಕು. ಕೀಲು ಒಸಡಿನ ಒಳಗಿದ್ದು ಕಣ್ಣಿಗೆ ಕಾಣದಿದ್ದರೆ ಎಕ್ಸ್‌ರೇ ತೆಗೆಯಬೇಕು.

ಸಂದು ಕಂಡರೆ? ಇಲ್ಲಿ ಲೇಸರಿನ ದೊಡ್ಡ ಉಪಕಾರ ಬರುತ್ತದೆ. ತೆಳುವಾದ ಡಿಸ್ಕಿನಿಂದ ಬಾರನ್ನು ಒಂದು ಕಡೆ ಕತ್ತರಿಸಿ, ಎರಡು ಭಾಗಗಳನ್ನೂ ಬಾಯಿಯಲ್ಲೇ ಒತ್ತಡವಿಲ್ಲದೆ ಕೂರಿಸಿ, ರೆಸಿನ್‌ನಿಂದ ಅವುಗಳನ್ನು ಕಟ್ಟಿ, ಹಾಗೇ ಲ್ಯಾಬಿಗೆ ತಂದು ಮತ್ತೆ ಬೆಸೆಯಬಹುದು. ಕತ್ತರಿಸಬೇಕಾಯಿತು ಅಂತ ಡಾಕ್ಟರೂ ಬೇಸರ ಮಾಡಿಕೊಳ್ಳಬಾರದು, ಟೆಕ್ನೀಷಿಯನ್ನೂ ಮಾಡಿಕೊಳ್ಳಬಾರದು. ಕೂರದ ಬಾರನ್ನು ಬಿಗಿದು ಕಳಿಸುವುದೇ ನಾಚಿಕೆಯ ಕೆಲಸ.

ಈಗ ಒಂದು ನ್ಯಾಯವಾದ ಮಾತು ಹೇಳಬೇಕು. ಇವತ್ತು ಬಹಳಷ್ಟು ಬಾರ್‌ಗಳನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ, ಒಂದೇ ಟೈಟಾನಿಯಂ ಗಟ್ಟಿಯಿಂದ ಮಿಲ್ಲಿಂಗ್ ಯಂತ್ರದಲ್ಲಿ ಕಡೆದು ತೆಗೆಯುತ್ತಾರೆ. ಅದರಲ್ಲಿ ಬೆಸುಗೆಯೇ ಇಲ್ಲ. ಕುಗ್ಗುವ ಮಾತೂ ಇಲ್ಲ. ಸಾಧ್ಯವಿದ್ದರೆ ಅದು ಒಳ್ಳೆಯ ವಿಧಾನ. ಆದರೂ ಲೇಸರ್ ಬೇಕು. ಕಡೆದ ಬಾರಿಗೂ ಅಚ್ಚು ತಪ್ಪಿದ್ದರೆ ಬಾಯಿಯಲ್ಲಿ ಸಂದು ಬರುತ್ತದೆ, ಅದನ್ನು ಕತ್ತರಿಸಿ ಸರಿಮಾಡುವುದು ಲೇಸರೇ. ಮುರಿದದ್ದನ್ನು ಕೂಡಿಸುವುದೂ ಅದೇ. ದೊಡ್ಡ ಯಂತ್ರ ದೊಡ್ಡ ಊರಲ್ಲಿದ್ದರೂ ಸರಿ, ರಿಪೇರಿ ಮಾಡುವ ಕೈ ಹತ್ತಿರದ ಊರಲ್ಲಿ ಇರಬೇಕು. ಸೊರಬದ ಅಜ್ಜಿಯೊಬ್ಬರ ಸ್ಕ್ರೂ ಸಡಿಲವಾದರೆ ಅವರು ಬೆಂಗಳೂರಿಗೆ ಓಡಾಡಬೇಕೇ? ಸೊರಬ, ಸಾಗರದ ಗುಡಿಗಾರರು ಗಂಧದ ಮರದಲ್ಲಿ ಮಾಡುವ ಕೆತ್ತನೆ ನೋಡಿ. ಅಷ್ಟು ಸೂಕ್ಷ್ಮದ ಕೈಗಳು ಇರುವ ಸೀಮೆ ಇದು. ಇಲ್ಲಿಯ ಮಕ್ಕಳು ಈ ಕಸುಬಿಗೆ ಬರಬೇಕು ಅನ್ನುವುದು ನನ್ನ ಮನಸ್ಸಿನ ಆಸೆ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಅಡಿಕೆ ನಮ್ಮ ಸೀಮೆಯ ಅನ್ನ. ಅದರಿಂದಲೇ ಮನೆ ನಡೆಯುತ್ತದೆ, ಮಕ್ಕಳ ಓದು ನಡೆಯುತ್ತದೆ. ಆದರೆ ಅಗಿಯುವ ವಿಷಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಇಲ್ಲದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ದಿನವಿಡೀ ಅಗಿಯುವವರಿಗೆ ಕೆನ್ನೆಯ ಒಳಭಾಗ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಬಾಯಿ ತೆರೆಯದಿದ್ದರೆ ಅಚ್ಚಿನ ಟ್ರೇ ಹೋಗುವುದಿಲ್ಲ, ಸ್ಕ್ರೂಡ್ರೈವರ್ ನಿಲ್ಲುವುದಿಲ್ಲ. ಎಷ್ಟು ಒಳ್ಳೆಯ ಬಾರ್ ಮಾಡಿದರೂ ಕೂರಿಸುವ ದಾರಿ ಇರುವುದಿಲ್ಲ. ಬಾಯಿ ಬಿಗಿಯುತ್ತಿದೆ ಅನ್ನಿಸಿದರೆ ಇಂಪ್ಲಾಂಟ್ ಯೋಚನೆಗೂ ಮೊದಲು ಡಾಕ್ಟರಿಗೆ ತೋರಿಸಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಬಾರನ್ನು ಮನೆಯಲ್ಲಿ ತೊಳೆಯುವುದು ಹೇಗೆ ಅಂತ ಒಬ್ಬರು ಕೇಳಿದರು. ಸೆಟ್ಟನ್ನು ತೆಗೆದರೆ ಬಾರ್ ಕಾಣುತ್ತದೆ. ಅದರ ಅಡಿಗೆ ಸಣ್ಣ ಸಂದಿನ ಬ್ರಷ್ ತೂರಿಸಿ, ಹಿಂದೆ ಮುಂದೆ ಎಳೆಯಬೇಕು. ದಪ್ಪ ಸ್ಪಂಜಿನಂಥ ಫ್ಲಾಸ್ ಕೂಡ ಸಿಗುತ್ತದೆ. ಪಿನ್ನು, ಸೂಜಿ, ಕಬ್ಬಿಣದ ಕಡ್ಡಿ ಬೇಡವೇ ಬೇಡ, ಟೈಟಾನಿಯಂ ಮೇಲೆ ಗೀರು ಬಿದ್ದರೆ ಕೊಳೆ ಅಲ್ಲೇ ಹಿಡಿಯುತ್ತದೆ. ರಾತ್ರಿ ಸೆಟ್ಟು ತೆಗೆದು ನೀರಿನಲ್ಲಿಡಿ, ಒಸಡಿಗೆ ವಿಶ್ರಾಂತಿ ಬೇಕು. ಬ್ರಷ್ ತೂರುವಷ್ಟು ಜಾಗ ಬಾರಿನ ಅಡಿಗೆ ಇದೆಯೇ ಅಂತ ಕೂರಿಸುವ ದಿನವೇ ಡಾಕ್ಟರ ಎದುರು ತೂರಿಸಿ ನೋಡಿಕೊಳ್ಳಿ.

ಸೆಟ್ಟು ಮೊದಲಿನ ಹಾಗೆ ಟಕ್ ಅಂತ ಕೂರುತ್ತಿಲ್ಲ, ಬಾರ್ ಹಾಳಾಯಿತಾ ಅಂತ ಇನ್ನೊಬ್ಬರು ಕೇಳಿದರು. ಬಹಳ ಸಲ ಸವೆಯುವುದು ಒಳಗಿನ ಪ್ಲಾಸ್ಟಿಕ್ ಕ್ಲಿಪ್. ಅದು ಸವೆಯಲೆಂದೇ ಇರುವ ಭಾಗ, ಸ್ವಲ್ಪ ಹೊತ್ತಿನಲ್ಲಿ ಬದಲಾಯಿಸಬಹುದು. ಆದರೆ ಬಾರೇ ಅಲುಗಾಡುತ್ತಿದ್ದರೆ ಅದೇ ದಿನ ಕ್ಲಿನಿಕ್ಕಿಗೆ ಹೋಗಿ. ಸಡಿಲ ಸ್ಕ್ರೂವಿನ ಮೇಲೆ ಊಟ ಮಾಡುತ್ತಾ ಹೋದರೆ ಸ್ಕ್ರೂ ಒಳಗೇ ಮುರಿಯುತ್ತದೆ, ಆ ಚೂರನ್ನು ತೆಗೆಯುವುದು ಕಷ್ಟ. ಸ್ಕ್ರೂ ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ ಬರೀ ಬಿಗಿಸಿಕೊಂಡು ಬರಬೇಡಿ. ಒಂದೇ ಸ್ಕ್ರೂ ಹಾಕಿ ಇನ್ನೊಂದು ತುದಿ ನೋಡಿ ಅಂತ ನೀವೇ ಕೇಳಿ.

ಮುರಿದ ಬಾರನ್ನು ಬೆಸೆದರೆ ಮತ್ತೆ ಅಲ್ಲೇ ಮುರಿಯುವುದಿಲ್ಲವೇ ಅನ್ನುವುದು ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. ಮುರಿದದ್ದು ಯಾಕೆ ಅಂತ ನೋಡದೆ ಬೆಸೆದರೆ ಮುರಿಯುತ್ತದೆ. ಮುರಿದ ಮುಖವನ್ನು ಮೈಕ್ರೋಸ್ಕೋಪಿನಡಿ ನೋಡಬೇಕು. ಒಳಗೆ ಗುಳ್ಳೆ ಇತ್ತೇ, ತಿರುಳು ಬೆಸೆಯದೆ ಉಳಿದಿತ್ತೇ, ಲೋಹ ಪೆಡಸಾಗಿತ್ತೇ ಅಂತ ಅಲ್ಲಿ ಕಾಣುತ್ತದೆ. ಹಳೆಯ ಬೆಸುಗೆಯನ್ನು ಒಳ್ಳೆಯ ಲೋಹ ಸಿಗುವವರೆಗೂ ಉಜ್ಜಿ ತೆಗೆಯಬೇಕು. ಬಾರನ್ನು ಬಾಯಿಯಲ್ಲಿ ಕೂರಿಸಿ, ರೆಸಿನ್ ಕಟ್ಟಿ, ಹೊಸ ತುಂಡು ಸೇರಿಸಿ ತಿರುಳಿನಿಂದ ಬೆಸೆಯಬೇಕು. ಹಿಂದಕ್ಕೆ ಚಾಚಿದ ತುಂಡೇ ಮುರಿದಿದ್ದರೆ ಅದನ್ನು ಗಿಡ್ಡ ಮಾಡಿ, ಇಲ್ಲವೇ ತೆಗೆದೇಬಿಡಿ. ಆಮೇಲೆ ಮತ್ತೆ ಅದೇ ಪರೀಕ್ಷೆ, ಒಂದು ಸ್ಕ್ರೂ 
ಬಿಗಿದು ಇನ್ನೊಂದು ತುದಿ ನೋಡುವುದು.